ಬಾಕಿ ಉಳಿದ ಒದೆತ

ಗೊರೇಬಾಳದ ಹನುಮವ್ವನ ಅಂಗಳದಲ್ಲಿ ಬೋರಲು ಮಲಗಿ ಒದೆತಕ್ಕೆ ಕಾಯುತ್ತಿದ್ದೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಬೆನ್ನಿಗೆ ಒದ್ದರೆ ಸೊಂಟನೋವು ಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ಹನುಮವ್ವ ಹಾಗೆ ಹುಟ್ಟಿದವಳು. ನನ್ನ ಬೆನ್ನುಮೂಳೆಯಲ್ಲಿ ನರ ಒತ್ತಿಕೊಂಡು ಕಾಲಿನ ಶಕ್ತಿ ಕುಂದುತ್ತಿತ್ತು. ವ್ಯಾಯಾಮ, ಮಾತ್ರೆ ಯಾವುದೂ ನಾಟಿರಲಿಲ್ಲ. ಆಪರೇಷನ್ ಆಗಬೇಕು, ಸ್ವಲ್ಪ ಅಪಾಯವೂ ಇದೆ ಎಂದಿದ್ದರು ಡಾಕ್ಟರು. ಅವ್ವನ ಕಿವಿಗೆ ಬಿದ್ದಿದ್ದು ಅಪಾಯವೊಂದೇ; ನನ್ನನ್ನು ಇಲ್ಲಿಗೆ ಕರೆತಂದವಳೂ ಅವಳೇ.

ಹನುಮವ್ವ ಗೋಡೆ ಹಿಡಿದು ನಿಧಾನಕ್ಕೆ ಹೊರಬಂದಳು. ಸೀರೆಯ ಮೇಲೆ ಸೊಂಟದ ಬೆಲ್ಟ್ ಇತ್ತು.

"ಏಳಪ್ಪಾ, ನಂದೂ ಬೆನ್ನಿನ ಆಪರೇಷನ್ ಆಗೈತಿ. ಕಾಲಿನ ಜೋಮು ಹೋಗೈತಿ, ಸೊಂಟ ಇನ್ನೂ ಹಿಡಿತೈತಿ. ಬಗ್ಗಬ್ಯಾಡ, ಭಾರ ಎತ್ತಬ್ಯಾಡ ಅಂದಾರ. ಒದಿಬೌದೇನು ಅಂತ ಕೇಳಾಕ ನನಗ ನಾಚಿಕಿ ಆತು."

ಅವ್ವನಿಗೆ ತಡೆಯಲಾಗಲಿಲ್ಲ. "ಇಂಥಾ ಕಾಲು ಇಟ್ಕೊಂಡು ನೀ ಯಾಕ ಆಪರೇಷನ್ ಮಾಡಿಸ್ಕೊಂಡಿ?"

"ನನ್ನ ಕಾಲು ನನ್ನ ಬೆನ್ನಿಗೆ ಮುಟ್ಟಂಗಿಲ್ಲ ಯಕ್ಕಾ."

ಮರುವಾರ ನಾನೂ ಆಪರೇಷನ್ ಮಾಡಿಸಿಕೊಂಡೆ. ಈಗ ಗದ್ದೆಯ ಬದುವಿನ ಮೇಲೆ ಒಬ್ಬನೇ ನಡೆಯುತ್ತೇನೆ. ನಿನ್ನ ಬೆಲ್ಟ್ ಬಿಚ್ಚಿದ ದಿನ ಹೇಳಿಕಳಿಸು ಎಂದು ಅವ್ವ ಮಾತ್ರ ಹನುಮವ್ವನಿಗೆ ಹೇಳಿಟ್ಟಿದ್ದಾಳೆ.