ಒಂದು ಕಡೆಯ ಗಡ್ಡ

ನಮ್ಮ ಚಿಕ್ಕಪ್ಪ ಕ್ಷೌರಿಕ. ಒಂದು ಗುಟ್ಟು ಕಾಪಾಡಲು ಹೋಗಿ ದವಡೆಯನ್ನೇ ಕಳೆದುಕೊಳ್ಳುವುದರಲ್ಲಿದ್ದ, ಪುಣ್ಯಾತ್ಮ.

ಎಂಟು ವರ್ಷದ ಹಿಂದೆ ಅವನಿಗೆ ಗಂಟಲ ಬಲಮಗ್ಗುಲಲ್ಲಿ ಕ್ಯಾನ್ಸರ್ ಆಗಿ, ದವಡೆಯನ್ನೂ ಸೇರಿಸಿ ರೇಡಿಯೇಷನ್ ಕೊಟ್ಟಿದ್ದರು. ನಮ್ಮ ಕಡೆ ಜನರ ಬಾಯಲ್ಲಿ ಅದು ಕರೆಂಟು. ಕಾಯಿಲೆ ಹೋಯಿತು, ಜೊತೆಗೆ ಬಾಯಿಯ ಎಂಜಲೂ ಹೋಯಿತು. ಅಂದಿನಿಂದ ಅಂಗಡಿಯಲ್ಲಿ ಎರಡು ಬಾಟಲಿ: ಒಂದು ಗಿರಾಕಿಯ ತಲೆಗೆ ಚಿಮುಕಿಸಲು, ಇನ್ನೊಂದು ಅವನ ಗಂಟಲಿಗೆ. ನಾಲ್ಕು ಮಾತು, ಒಂದು ಗುಟುಕು. ಊರ ಸುದ್ದಿಯೆಲ್ಲ ಹೇಳುವವನು ತನ್ನ ಕಾಯಿಲೆ ಬಗ್ಗೆ ಮಾತ್ರ ತುಟಿಪಿಟಕ್ ಅನ್ನುತ್ತಿರಲಿಲ್ಲ. "ಕಾಯಿಲೆಯವನ ಕೈಯಲ್ಲಿ ಕತ್ತಿ ಕಂಡ್ರೆ ಯಾರು ಕತ್ತು ಕೊಡ್ತಾರೆ?" ಅನ್ನುತ್ತಿದ್ದ.

ಮೊನ್ನೆ ಬಲಗಡೆ ದವಡೆ ಹಲ್ಲು ನೋವು ಶುರುವಾಯಿತು. ಕೆನ್ನೆ ಮುಟ್ಟಲೂ ಆಗದೆ, ಅಂಗಡಿ ಮುಚ್ಚಿ ನಾಲ್ಕು ದಿನ ಒದ್ದಾಡಿದ. ಐದನೆಯ ದಿನ ನಾನೇ ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅಲ್ಲಿ ಫಾರಂ ತುಂಬಬೇಕಿತ್ತು: ಹಿಂದೆ ಏನಾದರೂ ದೊಡ್ಡ ಕಾಯಿಲೆ?

"ಇಲ್ಲ ಅಂತ ಬರಿ."

"ಚಿಕ್ಕಪ್ಪಾ, ಅದು..."

"ಅದು ಮುಗಿದ ಕತೆ ಕಣೇ. ಹಲ್ಲಿಗೂ ಅದಕ್ಕೂ ಏನು ಸಂಬಂಧ?"

ಬರೆದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಡಾಕ್ಟರಮ್ಮ ಇಕ್ಕಳ ಎತ್ತಿಕೊಂಡವರು ಹಾಗೇ ನಿಂತರು. "ಅಲ್ಲಾ ಯಜಮಾನ್ರೇ, ಎಡಗಡೆ ಇಷ್ಟು ಗಡ್ಡ ಇದೆ, ಬಲಗಡೆ ಒಂದು ಕೂದಲೂ ಇಲ್ವಲ್ಲ? ಇಲ್ಲಿಗೇನಾದ್ರೂ ಕರೆಂಟ್ ಕೊಟ್ಟಿದ್ರಾ?"

ದಿನಾ ನುಣ್ಣಗೆ ಹೆರೆದುಕೊಳ್ಳುವ ಮನುಷ್ಯ, ನೋವಿಗೆ ನಾಲ್ಕು ದಿನದಿಂದ ಕೆನ್ನೆಗೆ ಕತ್ತಿ ತಾಕಿಸಿರಲಿಲ್ಲ; ಒಂದು ಕಡೆ ಗಡ್ಡವೇ ಬರುವುದಿಲ್ಲ ಅಂತ ನನಗೂ ಗೊತ್ತಿರಲಿಲ್ಲ. ಬಾಯಿ ತುಂಬ ಹತ್ತಿ ಇದ್ದದ್ದರಿಂದ ನಮ್ಮ ವಾಚಾಳಿ ತಲೆ ಮಾತ್ರ ಆಡಿಸಿದ.

"ಕರೆಂಟ್ ಕೊಟ್ಟ ಜಾಗದಲ್ಲಿ ಹಲ್ಲು ಕಿತ್ತಿದ್ರೆ ಗಾಯ ಮಾಯ್ದೆ ದವಡೆ ಮೂಳೆನೇ ಹಾಳಾಗಬಹುದಿತ್ತು. ಎಷ್ಟು ವರ್ಷ ಆದ್ರೂ ಆ ಭಯ ಇದ್ದೇ ಇರತ್ತೆ," ಅಂದರು ಡಾಕ್ಟರಮ್ಮ. ಕೀಳದೆ, ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸಿದರು. ನಾನು ಫಾರಂ ವಾಪಸ್ ಇಸಕೊಂಡು ತಿದ್ದಿದೆ. ಅವನಿಗೆ ಚಿಕ್ಕಮ್ಮನ ಬೈಗುಳ ಬೇರೆ ಬಾಕಿಯಿತ್ತು.

ವಾರದ ಮೇಲೆ ಅಂಗಡಿ ತೆರೆದ. ನೋವು ಪೂರ್ತಿ ಹೋಗಿತ್ತು, ಆದರೂ ಗಡ್ಡ ಹೆರೆದಿರಲಿಲ್ಲ.

"ಏನಿದು, ಹೊಸ ಫ್ಯಾಷನ್ನಾ?" ಹಳೆಯ ಗಿರಾಕಿಯೊಬ್ಬರು ನಕ್ಕರು.

"ಕ್ಯಾನ್ಸರ್ ಆಗಿತ್ತು. ಕರೆಂಟ್ ಕೊಟ್ಟ ಕಡೆ ಗಡ್ಡ ಬರಲ್ಲ," ಅಂದ ಚಿಕ್ಕಪ್ಪ. ಕೈಯಲ್ಲಿ ಕತ್ತಿಯಿತ್ತು. ಗುಟುಕು ನೀರು ಕುಡಿಯುವುದನ್ನೂ ಮರೆತು ನಿಂತಿದ್ದ.

ಗಿರಾಕಿ ಅವನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಕತ್ತು ಮೇಲೆತ್ತಿದರು.