ಗಾಡಿಯ ನೀರು ಖಾಲಿ ಮಾಡಿದ್ದು

ನೀರನ್ನು ಹಿಡಿದಿಡಲು ಕಲಿತ ದಿನ ಮನುಷ್ಯ ನಾಗರಿಕನಾದ. ಕೆರೆ, ಕಟ್ಟೆ, ಕಾಲುವೆ, ಸಾಮ್ರಾಜ್ಯ ಎಲ್ಲವೂ ಆಮೇಲಿನ ಮಾತು. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಈ ನಾಗರಿಕತೆಯು ಎರಡು ನೀಲಿ ಡ್ರಮ್ಮು, ಆರು ಕೊಡ ಮತ್ತು ತಳದ ತೂತಿಗೆ ಸೋಪು ಮೆತ್ತಿದ ಒಂದು ಹಂಡೆಯ ರೂಪದಲ್ಲಿ ನೆಲೆಸಿದೆ. ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ. ಬಂದಾಗ ಮನೆಯಲ್ಲಿ ಖಾಲಿ ಇರುವ ಯಾವ ಪಾತ್ರೆಯೂ ಖಾಲಿ ಉಳಿಯಕೂಡದು ಎಂಬುದು ಅಕ್ಕನ ಶಾಸನ.

ಅಂಥ ಮನೆಯವನಾದ ನಾನು ಎರಡು ವರ್ಷದ ಹಿಂದಿನ ಜನವರಿಯಲ್ಲಿ ನೂರಿಪ್ಪತ್ತು ಲೀಟರ್ ಒಳ್ಳೆಯ ನೀರನ್ನು ಬೇಕೆಂದೇ ಚರಂಡಿಗೆ ಬಿಟ್ಟೆ.

ಇದಕ್ಕೆಲ್ಲ ಮೂಲ ಅಕ್ಕನೇ. ಅವಳು ನನಗಿಂತ ಆರು ವರ್ಷ ದೊಡ್ಡವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಊರ ಜನರನ್ನೆಲ್ಲ ದೆಹಲಿ, ಕಲ್ಕತ್ತೆಗಳ ಜೊತೆ ಮಾತಾಡಿಸಿದವಳು, ತಾನು ಮಾತ್ರ ನಂಜನಗೂಡು ದಾಟಿದ್ದು ಕಡಿಮೆ. ಮಂಡಿ ಬಗ್ಗುವುದಿಲ್ಲ. ಕಾಶಿ ಎಂದರೂ, ರಾಮೇಶ್ವರ ಎಂದರೂ, ಕೊನೆಗೆ ಪಕ್ಕದ ಊಟಿ ಎಂದರೂ ಅವಳು ಕೇಳುತ್ತಿದ್ದದ್ದು ಒಂದೇ: "ದಾರೀಲಿ ಬಾತ್‌ರೂಮು ಹೆಂಗಿರುತ್ತೋ?" ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಪ್ರಯಾಣ ಇನ್ನೂ ಹುಟ್ಟಿರಲಿಲ್ಲ. ಒಂದು ಸಂಜೆ ಟೀವಿಯ ಹವಾಮಾನ ವರದಿಯಲ್ಲಿ ಹಿಮಾಚಲದ ಬೆಟ್ಟ ಬೆಳ್ಳಗೆ ಕಂಡಾಗ, ಇನ್ನರ್ಧ ಲೋಟ ಕಾಫಿ ಕೇಳುವ ದನಿಯಲ್ಲಿ, "ಅದನ್ನೊಂದು ನೋಡ್ಬೇಕಿತ್ತು ಕಣೋ" ಎಂದಳು. ತನ್ನ ಎಪ್ಪತ್ತೆರಡು ವರ್ಷದ ಬಾಳಿನಲ್ಲಿ ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಹಾಗಾಗಿ ಕ್ಯಾರವಾನ್ ಬಂತು. ಯಾರೋ ಟೆಂಪೊ ಟ್ರಾವೆಲರ್ ಒಂದನ್ನು ಎರಡು ಮಂಚ, ಒಲೆ, ಗೀಸರು, ಶವರು, ಕಮೋಡು ಹಾಕಿ ಮನೆ ಮಾಡಿಕೊಂಡಿದ್ದರು, ಬೇಸರವಾಗಿ ಮಾರಿದರು. ಅಕ್ಕ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕಮೋಡಿನ ಮುಚ್ಚಳದ ಮೇಲೆ ಹತ್ತು ನಿಮಿಷ ಕೂತು ಪರೀಕ್ಷೆ ಮಾಡಿದಳು. ಬೀದಿಯವರೆಲ್ಲ ಕಾದಿದ್ದರು. ಹೊರಗೆ ಬಂದು, "ಆಗ್ಬೋದು" ಎಂದು ತೀರ್ಪಿತ್ತಳು.

ನಾವು ಮಾರ್ಚಿನಲ್ಲಿ ರೈಲಿನಲ್ಲಿ ಹೋಗುವುದು, ಗಾಡಿ ಜನವರಿಯಲ್ಲೇ ಮುಂದೆ ಹೋಗುವುದು ಎಂದಾಯಿತು. ಪರಿಚಯದ ಡ್ರೈವರ್ ಒಬ್ಬ ಇನ್ನೊಂದು ವಾಹನ ತರಲು ಹಿಮಾಚಲಕ್ಕೆ ಹೊರಟಿದ್ದ. ಹೋಗುವಾಗ ನಮ್ಮದನ್ನು ಓಡಿಸಿಕೊಂಡು ಹೋಗುತ್ತೇನೆಂದ. ನನ್ನ ಜೊತೆ ಪಾಠ ಮಾಡುತ್ತಿದ್ದ ಹಳೆಯ ಮೇಷ್ಟ್ರೊಬ್ಬರು ಅಲ್ಲಿ ಮಗಳ ಮನೆ ಸೇರಿದ್ದರು. ಅವರ ಅಂಗಳದಲ್ಲಿ ಎರಡು ತಿಂಗಳು ನಿಲ್ಲಿಸಲು ಒಪ್ಪಿದರು. ಒಪ್ಪಿದವರು ಮಾರನೆಯ ದಿನವೇ ಫೋನು ಮಾಡಿದರು.

"ನೋಡಪ್ಪ, ಇಲ್ಲಿ ಬೆಳಿಗ್ಗೆ ಹೊತ್ತಿಗೆ ಬಕೆಟ್ಟಿನ ನೀರು ಕಲ್ಲಾಗಿರುತ್ತೆ. ನಿನ್ನ ಟ್ಯಾಂಕಲ್ಲಿ, ಪೈಪಲ್ಲಿ ಒಂದು ತೊಟ್ಟು ಇರಬಾರದು. ಒಡೆದ್ರೆ ಈ ಊರಲ್ಲಿ ಅದನ್ನ ರಿಪೇರಿ ಮಾಡೋರಿಲ್ಲ."

ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ ಎಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು. ಪ್ರತಿ ವರ್ಷ ಬೋರ್ಡಿನ ಮೇಲೆ ಒಡೆದ ಬಾಟಲಿಯ ಚಿತ್ರ ಬರೆದಿದ್ದೇನೆ, ಅಂಕ ಕೊಟ್ಟಿದ್ದೇನೆ. ಆದರೆ ಮೈಸೂರಿನವನಿಗೆ ಅದು ಮಂಗಳ ಗ್ರಹದ ಸುದ್ದಿ ಇದ್ದ ಹಾಗೆ. ನಂಬಬೇಕು, ನಂಬುತ್ತೇವೆ, ಊಟಕ್ಕೆ ಏಳುತ್ತೇವೆ. ಆ ಫೋನು ಬಂದ ಮೇಲೆ ಮೊದಲ ಬಾರಿಗೆ ನನಗೆ ಆ ಪಾಠದ ಬಗ್ಗೆ ಭಯವಾಯಿತು. ಅಕ್ಕನಿಗೆ ಮಾತ್ರ ಹೇಳಲಿಲ್ಲ. ಪೈಪು ಒಡೆಯುತ್ತದೆ ಎಂಬ ಮಾತು ಕಿವಿಗೆ ಬಿದ್ದರೆ, ಬಾತ್‌ರೂಮಿನ ಹಳೇ ಪ್ರಶ್ನೆ ಎದ್ದು ಕೂತು, ಅವಳು "ಬೇಡ ಬುಡು" ಎಂದುಬಿಡುತ್ತಾಳೆ. ಅಲ್ಲಿಗೆ ಮುಗಿಯಿತು. ಇನ್ನೆರಡು ವರ್ಷಕ್ಕೆ ಆ ಮಂಡಿ ಗಾಡಿ ಹತ್ತುವ ಸ್ಥಿತಿಯಲ್ಲೂ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. "ಗಾಡಿ ಸರ್ವೀಸು" ಎಂದಷ್ಟೇ ಹೇಳಿದೆ.

ಹೊರಡುವ ಹಿಂದಿನ ದಿನ ಕೆಸರೆಯಿಂದ ಪ್ಲಂಬರನ್ನು ಕರೆಸಿದೆ. ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

"ಸಾ, ಇಪ್ಪತ್ತು ವರ್ಸದಿಂದ ನೀರು ಬರ್ಸೋಕೆ ದುಡೀತಿವ್ನಿ. ನೀರು ಓಡ್ಸೋಕೆ ಯಾರೂ ಕರ್ದಿರ್ಲಿಲ್ಲ. ಕೂಲೆಂಟ್ ಉಯ್ದುಬುಡಾನ? ಅದು ಎಪ್ಪುಗಟ್ಟಲ್ಲ. ಲಾರಿ ರೇಡಿಯೇಟರ್‌ಗೆ ಉಯ್ಯಲ್ವ, ಅಂಗೆ."

"ಅದು ವಿಷ ಕಣಯ್ಯ. ನಮ್ಮಕ್ಕ ಅದೇ ನಲ್ಲೀಲಿ ಬಾಯಿ ಮುಕ್ಕಳಿಸ್ಬೇಕು."

"ಅಂಗಾದ್ರೆ ಗಾಳಿನೇಯ."

ಪಂಕ್ಚರ್ ಅಂಗಡಿಯೊಂದರ ಕಂಪ್ರೆಸರನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದ. ಗೀಸರ್ ತಣ್ಣಗಾಗುವವರೆಗೆ ಕಾದೆವು. ಗಾಡಿಯ ಹೊಟ್ಟೆಯ ಕೆಳಗಿನ ವಾಲ್ವು ತೆರೆದು ಟ್ಯಾಂಕನ್ನು, ಸಿಂಕಿನ ಪಕ್ಕದ ವಾಲ್ವು ತೆರೆದು ಗೀಸರನ್ನು ಖಾಲಿ ಮಾಡಿದೆವು. ಹೊರಗಿನಿಂದ ನೀರು ಸೇರಿಸುವ ಬಾಯಿಗೆ ಟೈರಿನ ವಾಲ್ವೊಂದನ್ನು ಕೂರಿಸಿ, ಕಾರಿನ ಚಕ್ರಕ್ಕೆ ಹೊಡೆಯುವಷ್ಟೇ ಒತ್ತಡದಲ್ಲಿ ಗಾಳಿ ಬಿಟ್ಟು, ಒಂದೊಂದೇ ನಲ್ಲಿ ತೆರೆದೆವು. ಪ್ರತಿ ನಲ್ಲಿಯೂ ಕೆಮ್ಮಿತು, ಉಗುಳಿತು, ಕೊನೆಗೆ ಬರೀ ಉಸಿರು ಬಿಟ್ಟಿತು. ಸಿಂಕಿನ ಕೆಳಗಿನ ಬಾಗಿದ ಪೈಪನ್ನು ಬಿಚ್ಚಿ ಬಟ್ಟೆಯಲ್ಲಿ ಒರೆಸಿದೆವು. ವಾಲ್ವು, ನಲ್ಲಿ ಎಲ್ಲವನ್ನೂ ತೆರೆದೇ ಬಿಟ್ಟೆವು. ಎಲ್ಲಾದರೂ ಉಳಿದ ನೀರಿಗೆ ಹಿಗ್ಗಲು ಜಾಗ ಬೇಕು.

ಪ್ಲಂಬರ್ ಹೋದ ಮೇಲೆ ನನಗೆ ಕೂರಲಾಗಲಿಲ್ಲ. ಕಾಲು ಗಂಟೆಗೊಮ್ಮೆ ಗಾಡಿ ಹತ್ತಿ ಶವರಿನ ಬಾಯಿಗೆ ಕಿವಿ ಕೊಟ್ಟೆ. ಒಂದು ಸಲ ಒಂದು ಹನಿ ಬಿತ್ತು. ಒಂದೇ ಹನಿ. ಅದು ಕೊನೆಯದೋ ಮೊದಲನೆಯದೋ ತಿಳಿಯದೆ ಇನ್ನೂ ನಾಲ್ಕು ಸಲ ಹತ್ತಿ ಇಳಿದೆ.

"ಏನೋ ಅದು, ಗಾಡಿ ಬಾಣಂತಿನಾ? ಕೂತ್ಕೋ ಒಂದ್ಕಡೆ. ನಿನ್ನ ನೋಡ್ತಿದ್ರೆ ನನಗೆ ತಲೆ ಸುತ್ತುತ್ತೆ" ಎಂದಳು ಅಕ್ಕ.

ಮಾರನೆಯ ದಿನ ಭಾನುವಾರ. ಹತ್ತಕ್ಕೆ ಡ್ರೈವರ್ ಬರುವವನಿದ್ದ. ಅಲ್ಲಿಯವರೆಗೆ ಹೊತ್ತು ಕಳೆಯಲೆಂದು ಬೆಳಿಗ್ಗೆಯೇ ವಾಕಿಂಗ್ ಹೊರಟೆ. ಅರ್ಧ ದಾರಿಗೆ ಮನಸ್ಸು ತಡೆಯದೆ ವಾಪಸ್ಸು ಬಂದೆ. ಬೀದಿಯ ತಿರುವಿನಿಂದಲೇ ಕಂಡಿತು: ನಮ್ಮ ಅಂಗಳದ ನಲ್ಲಿಯಿಂದ ಹೊರಟ ಹಸಿರು ಪೈಪು ಕಾಂಪೌಂಡ್ ದಾಟಿ ಗಾಡಿಯ ಪಕ್ಕೆಯೊಳಗೆ ಹೋಗಿತ್ತು. ಪಕ್ಕದಲ್ಲಿ ಅಕ್ಕ, ಊರುಗೋಲು ಹಿಡಿದು, ಅಣೆಕಟ್ಟೆ ಕಟ್ಟಿ ಮುಗಿಸಿದ ಮಹಾರಾಣಿಯ ಹಾಗೆ ನಿಂತಿದ್ದಳು.

"ಬಂದ್ಯಾ? ಒಳ್ಳೆ ಮರೆಗುಳಿ ಕಣೋ ನೀನು. ಎಲ್ಲಾ ನಲ್ಲಿ ತೆಗೆದೇ ಬುಟ್ಟು ಹೋಗಿದ್ಯಲ್ಲ! ನೀರು ಹಾಕಿದ್ರೆ ಅಷ್ಟೂ ಕೆಳಗಡೆ ಸುರೀತಿತ್ತು. ಬಗ್ಗೋಕಾಗ್ದೆ ಕೋಲಲ್ಲಿ ತಳ್ಳಿ ಮುಚ್ಚಿದೆ."

"ಅಕ್ಕ, ಯಾಕೆ ತುಂಬಿಸ್ದೆ?"

"ಯಾಕೆ ಅಂದ್ರೆ? ನೀರು ಬಂತು, ತುಂಬಿಸ್ದೆ. ಅಷ್ಟು ದೂರ ಹೋಗೋ ಡ್ರೈವರು ಮುಖ ತೊಳ್ಕೊಳೋದು ಬೇಡ್ವಾ? ಪಂಪೂ ಹಾಕಿ ನೋಡಿದೆ. ಗೀಸರ್‌ಗೂ ಹತ್ತಿದೆ, ಶವರಲ್ಲೂ ಜೋರಾಗಿ ಬರ್ತಿದೆ."

ನಾನು ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇನ್ನು ಹೇಳದೆ ವಿಧಿಯಿರಲಿಲ್ಲ. ಹಿಮ, ಹೆಪ್ಪು, ಒಡೆಯುವ ಪೈಪು, ರಿಪೇರಿಯವರಿಲ್ಲದ ಊರು, ನಿನ್ನೆಯ ಕಂಪ್ರೆಸರು ಎಲ್ಲವನ್ನೂ ಹೇಳಿದೆ. ಅಕ್ಕ ನಲ್ಲಿ ನಿಲ್ಲಿಸಿ ಬಂದು ಪೂರ್ತಿ ಕೇಳಿದಳು. "ಬೇಡ ಬುಡು" ಎಂಬ ಮಾತಿಗಾಗಿ ನಾನು ತಲೆ ತಗ್ಗಿಸಿ ಕಾದೆ.

"ಊರ ಮಕ್ಕಳಿಗೆಲ್ಲ ಮೂವತ್ತು ವರ್ಷ ಹೇಳಿದ್ಯಲ್ಲೋ ಇದನ್ನ. ನನಗೊಬ್ಬಳಿಗೆ ಹೇಳೋಕೆ ಏನಾಗಿತ್ತು ನಿನಗೆ?"

ನಾನು ಪ್ಲಂಬರನಿಗೆ ಫೋನು ಮಾಡಿದೆ. ಅವನು ಸಿದ್ಧಾರ್ಥನಗರದಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದ. ವಾಲಗದ ನಡುವೆ ಕೂಗಿದ: "ಧಾರೆ ನಡೀತೈತೆ ಸಾ! ಪಂಕ್ಚರ್ ಅಂಗ್ಡಿನೂ ಇವತ್ತು ಮುಚ್ಚೈತೆ, ಅವ್ನೂ ಇಲ್ಲೇ ಊಟಕ್ಕೆ ಬಂದವ್ನೆ. ಸ್ಕೂಟರ್‌ಗೆ ಕಾಲಲ್ಲಿ ಒತ್ತೋ ಪಂಪ್ ಐತಲ್ಲ, ಅದ್ರಲ್ಲಿ ಗಾಳಿ ಒಡೀರಿ. ಟೈರ್ ವಾಲ್ವು ಅಲ್ಲೇ ಬುಟ್ಟಿವ್ನಿ!"

ಎರಡೂ ವಾಲ್ವು ತೆರೆದು, ನೀರು ಚರಂಡಿ ಸೇರುವವರೆಗೆ ಗಾಡಿಗೆ ಹನ್ನೆರಡು ಪ್ರದಕ್ಷಿಣೆ ಹಾಕಿದೆ. ಆಮೇಲೆ ಪಂಪು ತಂದು ಒತ್ತತೊಡಗಿದೆ. ಅಕ್ಕ ಒಳಗೆ ಮಂಚದ ಮೇಲೆ ಕೂತು ಊರುಗೋಲಿನಿಂದ ಒಂದೊಂದು ನಲ್ಲಿಯನ್ನು ತೆರೆದು ಮುಚ್ಚುತ್ತಾ, ಎಕ್ಸ್‌ಚೇಂಜಿನ ಹಳೇ ದನಿಯಲ್ಲಿ ಕೂಗುತ್ತಿದ್ದಳು: "ಸಿಂಕು, ಬಿಸಿ! ಬರ್ತಿದೆ... ಬರ್ತಿದೆ... ನಿಂತೋಯ್ತು! ಸಿಂಕು, ತಣ್ಣೀರು! ಒತ್ತೋ, ನಿದ್ದೆ ಮಾಡ್ಬೇಡ!" ಕಂಪ್ರೆಸರು ನಿಮಿಷದಲ್ಲಿ ಮಾಡಿದ್ದು ಈ ಪಂಪಿಗೆ ಒಂದೊಂದು ನಲ್ಲಿಗೂ ಅರ್ಧ ಗಂಟೆಯ ಕೆಲಸ. ಹಿಂದಿನ ದಿನ ನೆಟ್ಟಗೆ ಉಸಿರು ಬಿಟ್ಟಿದ್ದ ಪೈಪುಗಳು ಈಗ ಗೊರಗೊರ ಎನ್ನುತ್ತಿದ್ದವು.

ಡ್ರೈವರ್, ಈ ನಾಡಿನ ಸಂಪ್ರದಾಯಕ್ಕೆ ವಿರುದ್ಧವಾಗಿ, ಸರಿಯಾಗಿ ಹತ್ತಕ್ಕೆ ಬಂದು ಕಾಂಪೌಂಡ್ ಮೇಲೆ ಕೂತ. ಹನ್ನೊಂದಕ್ಕೆ ಕೇಳಿದ, ಹನ್ನೊಂದೂವರೆಗೆ ಕೇಳಿದ, ಹನ್ನೆರಡಕ್ಕೆ ಎದ್ದು ನಿಂತ.

"ಇನ್ನೂ ಲೇಟಾದ್ರೆ ಕತ್ತಲಾಗೋದ್ರಲ್ಲಿ ಚಿತ್ರದುರ್ಗ ಸೇರಕ್ಕಾಗಲ್ಲ ಸಾ. ಆ ಕಡೆ ಗಾಡಿಯೋರು ಡೇಟ್ ಕೊಟ್ಟವ್ರೆ. ಆಗಲ್ಲ ಅಂದ್ರೆ ಹೇಳ್ಬುಡಿ, ಬಸ್ಸಲ್ಲಿ ಹೋಯ್ತೀನಿ."

ಶವರಿನ ಪೈಪೊಂದು ಉಳಿದಿತ್ತು. ಅದು ಗೋಡೆಯೊಳಗೆ ಎಲ್ಲೋ ಸುತ್ತಿ ಬರುತ್ತದೆ. ಒತ್ತಿದಾಗಲೆಲ್ಲ ಒಂದು ಚಮಚ ನೀರು ಉಗುಳಿ ಸುಮ್ಮನಾಗುತ್ತಿತ್ತು. ನನ್ನ ಬಲಗಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು.

"ಏನು ಮಾಡೋಣಕ್ಕ?"

"ಕಮೋಡಿಂದು ಆಗಿದೆಯಾ?"

"ಆಗಿದೆ."

"ಹಂಗಾದ್ರೆ ಕಳಿಸು. ಸ್ನಾನ ಎಲ್ಲಾದ್ರೂ ಆಗುತ್ತೆ." ಡ್ರೈವರನ ಕಡೆ ತಿರುಗಿ, ಅಪರಾಧಿಗೆ ಷರತ್ತು ಓದುವ ನ್ಯಾಯಾಧೀಶರ ಗತ್ತಿನಲ್ಲಿ ಹೇಳಿದಳು: "ಯಾರಾದ್ರೂ ನೀರು ಕೊಡ್ತೀನಿ ಅಂದ್ರೂ ಇಸ್ಕೋಬೇಡ ಕಣಪ್ಪ. ಮುಖಾನೂ ಹೊರಗಡೇನೇ ತೊಳ್ಕೋ."

ಗಾಡಿ ಬೀದಿಯ ತಿರುವು ದಾಟಿತು. ಆಮೇಲಿನ ಎರಡು ತಿಂಗಳು ನಾನು ಮೈಸೂರಿನಲ್ಲಿದ್ದೆ ಎಂದು ಹೇಳಿಕೊಳ್ಳುವುದು ಕಷ್ಟ. ಬೆಳಿಗ್ಗೆ ಎದ್ದೊಡನೆ ಫೋನಿನಲ್ಲಿ ಆ ಊರಿನ ಚಳಿ ನೋಡುತ್ತಿದ್ದೆ. ಸೊನ್ನೆಯ ಕೆಳಗೆ ಎರಡು, ನಾಲ್ಕು, ಒಂದು ದಿನ ಆರು. ಇಲ್ಲಿ ಬೆವರು ಒರೆಸಿಕೊಳ್ಳುತ್ತಾ ಅಲ್ಲಿನ ಪೈಪಿಗಾಗಿ ನಡುಗುತ್ತಿದ್ದೆ. ಅಂಗಳದ ಮೇಷ್ಟ್ರಿಗೆ ವಾರಕ್ಕೆರಡು ಸಲ ಫೋನು ಮಾಡಿ ಗಾಡಿಯ ಆರೋಗ್ಯ ವಿಚಾರಿಸಿದೆ. "ನಿಂತಿದೆ" ಎನ್ನುತ್ತಿದ್ದರು ಅವರು. ಗಾಡಿಯ ಬಗ್ಗೆ ಹೊರಗಿನಿಂದ ಅದಕ್ಕಿಂತ ಹೆಚ್ಚು ಯಾರು ತಾನೇ ಹೇಳಬಲ್ಲರು? ಅಕ್ಕ ಮಾತ್ರ ಎರಡು ಸ್ವೆಟರು ಹೆಣೆದು, ಮೂರನೆಯದಕ್ಕೆ ಉಣ್ಣೆ ತರಿಸಿದ್ದಳು.

ಮಾರ್ಚ್ ಎರಡನೇ ವಾರ ನಾವು ಹೋದೆವು. ಶವರಿನ ಪೈಪು ಒಂದು ಗೇಣಿನಷ್ಟು ಸೀಳಿತ್ತು. ಟ್ಯಾಂಕು, ಪಂಪು, ಗೀಸರು, ಕಮೋಡು ಸರಿಯಾಗಿದ್ದವು. ಅಕ್ಕ ಹದಿಮೂರು ದಿನ ಆ ಗಾಡಿಯಲ್ಲಿದ್ದು ಹಿಮ ನೋಡಿದಳು. ಸ್ನಾನವನ್ನು ಬಕೆಟ್ಟಿನಲ್ಲಿ ಮಾಡಿದಳು.