ಗಂಟಿನೊಳಗಿನ ಹಸಿರು

ಒಲೆಯ ಮೇಲಿನ ಅಟ್ಟವನ್ನು ಮುಟ್ಟಿ ನೋಡದೆ ನಮ್ಮ ಭಾವ ಈರಣ್ಣ ಊಟಕ್ಕೆ ಕೂತವರಲ್ಲ. ಅಟ್ಟದಲ್ಲಿ ಅವರ ವೆಲ್ಡಿಂಗ್ ಕಡ್ಡಿಗಳಿದ್ದವು. ತೇವ ತಗಲಿದರೆ ಬೆಸುಗೆ ಕೆಡುತ್ತದೆಂಬ ಚಿಂತೆ. ಗಂಡನ ಅಣ್ಣನೆಂದು ನಾನು ಅವರಿಗೆ ಹೆದರುತ್ತಿದ್ದೆ. ಅವರು ಆ ಕಡ್ಡಿಗಳಿಗೆ ಹೆದರುತ್ತಿದ್ದರು.

ನಿಜಾಮರ ಕಾಲ. ಡಬ್ಬಿಯ ಮೇಲಿನ ಇಂಗ್ಲಿಷು ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನೋಡಲಿಕ್ಕೆ ಎಲ್ಲ ಕಡ್ಡಿಗಳೂ ಒಂದೇ. ಅದಕ್ಕೆ ನಾನು ಮಗ್ಗದಲ್ಲಿ ಉಳಿದ ನೂಲು ಕಟ್ಟಿ ಗುರುತು ಮಾಡುತ್ತಿದ್ದೆ: ಬೀಡಿಗೆ, ಅಂದರೆ ಎರಕದ ಕಬ್ಬಿಣಕ್ಕೆ ಕೆಂಪು, ಉಕ್ಕಿಗೆ ಹಸಿರು.

"ಬೀಡಿಗೆ ಉಕ್ಕಿನ ಕಡ್ಡಿ ಹಚ್ಚಿದ್ರ ಇವತ್ತು ಹಿಡದಂಗ ಮಾಡ್ತೈತಿ ತಂಗೆವ್ವ, ನಾಳೆ ಯಾರದರ ಜೀವ ತಿಂತೈತಿ" ಎನ್ನುತ್ತಿದ್ದರು. ಮುರಿದ ಕಬ್ಬಿಣಕ್ಕೆ ಉಳಿ ಹೊಡೆದು ನೋಡುವರು. ಸುರುಳಿ ಎದ್ದರೆ ಉಕ್ಕು, ಚೂರಾಗಿ ಉದುರಿದರೆ ಬೀಡು. ಗೊತ್ತಾದ ಮೇಲೂ ಇನ್ನೆರಡು ಸಲ ಹೊಡೆಯದಿದ್ದರೆ ಅವರಿಗೆ ಸಮಾಧಾನವಿಲ್ಲ.

ಒಂದು ಮಳೆಗಾಲ ಮಕ್ತಲ್ಲಿನ ಶೇಂಗಾ ಮಿಲ್ಲಿನಲ್ಲಿ ಇಂಜಿನ್ನಿನ ಗಾಲಿ ಹೊತ್ತ ಬೀಡಿನ ಕಾಲು ಬಿರುಕು ಬಿಟ್ಟಿತು. ಆ ಇಂಜಿನ್ನಿನ ಪಕ್ಕದಲ್ಲೇ ದಿನವಿಡೀ ನಿಲ್ಲುವವರು ನನ್ನ ಗಂಡ. ಕಡ್ಡಿ ಮಳೆಗೆ ನೆನೆದಾವೆಂದು ಭಾವ ಅವನ್ನು ಮನೆಯಲ್ಲೇ ಬಿಟ್ಟು, ಬರೀ ಎಣ್ಣೆಯಿಂದ ನಡೆಯುವ ವೆಲ್ಡಿಂಗ್ ಮಶಿನ್ನನ್ನು ಬಂಡಿಗೆ ಹೇರಿಕೊಂಡು ಹೋದರು. ಮರುದಿನ ಕಡ್ಡಿಗೆ ಆಳು ಬಂದ. ಕೆಂಪು ದಾರದ ಕಟ್ಟು ಕೊಟ್ಟು ಕಳಿಸಿದೆ. ಆಮೇಲೆ ನೋಡಿದರೆ ನನ್ನ ಬೆರಳೆಲ್ಲ ಕೆಂಪು. ಮಾಳಿಗೆ ಸೋರಿ ಕೆಂಪು ದಾರದ ಹಸಿ ಬಣ್ಣ ಇಳಿದಿತ್ತು. ಅಟ್ಟದಲ್ಲಿ ಉಳಿದ ಕಟ್ಟಿನ ದಾರವೂ ಕೆಂಪೇ! ಹಾಗಾದರೆ ನಾನು ಕೊಟ್ಟದ್ದು ಯಾವುದು?

ಉಳಿದದ್ದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಬಸ್ಸು ಕುಲುಕಿದಾಗಲೆಲ್ಲ ಗಂಡನ ಮೇಲೆ ಗಾಲಿ ಬಿದ್ದಂತೆನಿಸಿ ಕಟ್ಟನ್ನು ಇನ್ನಷ್ಟು ಬಿಗಿಹಿಡಿಯುತ್ತಿದ್ದೆ.

ಮಿಲ್ಲಿನಲ್ಲಿ ಭಾವ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. "ಶೇಂಗಾ ನೆನ್ಯಾಕತ್ತೈತಿ, ಜಲ್ದಿ ಬೆಸೀರಿ!" ಎಂದು ಸಾವ್ಕಾರರು ಕೂಗಾಡುತ್ತಿದ್ದರು.

"ದಾರಕ್ಕ ಬಣ್ಣ ಇಳದೈತ್ರಿ. ಕಟ್ಟಿದಾಕಿ ಬರೋಮಟ ನಾ ಕಿಡಿ ಹಾರ್ಸಂಗಿಲ್ಲ" ಎಂದರು ಭಾವ. ನನ್ನನ್ನು ಕಂಡು, "ಗಂಟು ಬಿಚ್ಚವ್ವ" ಎಂದರು.

ಬಿಚ್ಚಿದೆ. ನೀರು ತಾಗದ ಗಂಟಿನೊಳಗೆ ಹಸಿರಿತ್ತು. ನಾನು ಕೊಟ್ಟು ಕಳಿಸಿದ್ದು ಉಕ್ಕಿನ ಕಡ್ಡಿ. ಅವರು ನನ್ನ ಸೆರಗಿನ ಕಟ್ಟು ಇಸಕೊಂಡು ಕೆಂಡದ ಬದಿಗೆ ಒಣಗಲಿಟ್ಟರು. ಬೆಸುಗೆಯಾದ ಮೇಲೆ ಬಿಸಿ ಬೂದಿ ಮುಚ್ಚಿ ನಿಧಾನ ಆರಲು ಬಿಟ್ಟರು. ಇಂಜಿನ್ ಶುರುಮಾಡುವಾಗ ನನ್ನ ಗಂಡನನ್ನು ಹಿಂದೆ ಸರಿಸಿ ತಾವೇ ಪಕ್ಕದಲ್ಲಿ ನಿಂತರು.

ಅಷ್ಟಾದರೂ ಅವರಿಗೆ ನಂಬಿಕೆ ಬರಲಿಲ್ಲ. ಪ್ರತಿ ಮಳೆಗಾಲ ಮಕ್ತಲ್ಲಿಗೆ ಹೋಗಿ ಆ ಕಾಲನ್ನು ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳಿ ಬರುತ್ತಿದ್ದರು. ಹಾಸಿಗೆ ಹಿಡಿದ ವರ್ಷ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು.

"ಗಣ್ ಅಂದ್ರ ಗಟ್ಟಿ ಐತಿ. ಡಬ್ ಅಂದ್ರ ನನ್ನ ತಮ್ಮನ ಕೈ ಹಿಡದು ಹೊರಗ ಎಳ್ಕೊಂಡು ಬಾ."

ಹೋಗಿ ಬಡಿದೆ. ಒಮ್ಮೆ ಸಾಲದೆಂದು ಅವರಂತೆಯೇ ಮೂರು ಸಲ ಬಡಿದೆ. ತಿರುಗಿ ಬರುವಷ್ಟರಲ್ಲಿ ಭಾವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆ ತುಂಬ ವಿಭೂತಿ ಬಳಿದು. ಅಳುವವರನ್ನು ಸರಿಸಿ ಕಿವಿಯ ಹತ್ತಿರ ಬಾಗಿದೆ.

"ಗಣ್ ಅಂತೈತ್ರಿ, ಭಾವ."